ಸಾಲದ ಸರದಿ: ಯಾವುದು ಮೊದಲು ತೀರಬೇಕು?

ಪ್ರಶ್ನೆ: ಗಂಡ ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆ. ಈಗ ತಿಂಗಳ ವರಮಾನ 28,000 ರೂ. ಮನೆಸಾಲದ ಕಂತು 13,000, ಎರಡು ಕಂತು ತಪ್ಪಿದೆ. ಸಂಘದ ಸಾಲಕ್ಕೆ ವಾರಕ್ಕೆ 1,200. ಶೇ. 10ರ ಬಡ್ಡಿಗೆ ಚಿನ್ನ ಅಡವಿಟ್ಟು 2 ಲಕ್ಷ ತಂದಿದ್ದೇವೆ. ಪರಿಚಯದವರಿಂದ ತಿಂಗಳಿಗೆ ನೂರಕ್ಕೆ ಮೂರರಂತೆ 1 ಲಕ್ಷ, ಅವರಿಗೆ ಖಾಲಿ ಚೆಕ್ ಕೊಟ್ಟಿದ್ದೇವೆ. ಅಡವಿಟ್ಟ ಆ ಒಡವೆಗೆ ಈಗ ಮೂರೂವರೆ ಲಕ್ಷ ಬಾಳಬಹುದು. ಮಾರಲು ಮನಸ್ಸಿಲ್ಲ. ಏನು ಮಾಡಲಿ?
— ಓದುಗಿ, ಬದಿಯಡ್ಕ

ಉತ್ತರ: ಒಡವೆ ಮಾರಿ. ಅಡವಿನ 2 ಲಕ್ಷಕ್ಕೆ ತಿಂಗಳಿಗೆ ಸುಮಾರು 1,660 ಬಡ್ಡಿ, ಅದರ ಅರ್ಧ ಮೊತ್ತದ ಕೈಸಾಲಕ್ಕೆ 3,000. ಕಂತು, ಬಡ್ಡಿ ಎಲ್ಲ ಸೇರಿ ತಿಂಗಳಿಗೆ 23,000 ಹತ್ತಿರ ಹೋಗುತ್ತಿದೆ, ಊಟಕ್ಕೆ ಉಳಿಯುವುದು ಐದು ಸಾವಿರ. ಸವಕಳಿ, ಕಲ್ಲಿನ ತೂಕ ಕಳೆದು 3.3 ಲಕ್ಷ ಕೈಗೆ ಬಂದರೂ ಅಡವು, ಕೈಸಾಲ ಎರಡೂ ತೀರಿ, ತಪ್ಪಿದ ಎರಡು ಕಂತಿಗೆ ಬೇಕಾದ 26,000 ಸಿಗುತ್ತದೆ. ಅಡವಿನ ಚೀಟಿಯಲ್ಲಿ ಬರೆದ ನಿವ್ವಳ ತೂಕವನ್ನು ಬಿಡಿಸುವಾಗ ಎದುರಲ್ಲೇ ತೂಗಿಸಿ ನೋಡಿ. ಬಿಡಿಸಲು ಬೇಕಾದ ಹಣಕ್ಕೆ ಇನ್ನೊಂದು ಬಡ್ಡಿಸಾಲ ಮಾತ್ರ ಬೇಡ.

ಕೈಸಾಲ ತೀರಿಸುವ ದಿನ ಖಾಲಿ ಚೆಕ್, ಪ್ರೊನೋಟು ಕೈಗೆ ಬರುವವರೆಗೆ ಹಣ ಎಣಿಸಬೇಡಿ. ಆದಷ್ಟು ಖಾತೆಯ ಮೂಲಕವೇ ಕೊಡಿ, ಚೆಕ್ಕಿನ ನಂಬರು ಬರೆದು ರಸೀದಿಗೆ ಸಹಿ ಹಾಕಿಸಿಕೊಳ್ಳಿ. ಸಾಲ ತೀರಿದ ಮೇಲೂ ಹಳೆಯ ಚೆಕ್ ಬ್ಯಾಂಕಿಗೆ ಬಂದು ಕೇಸಾಗುವುದುಂಟು.

ಮನೆಸಾಲ 90 ದಿನ ದಾಟಿ ಬಾಕಿಯಾದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ, ಅಡವಿನ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟೀಸು ಬರಬಹುದು. ಹಾಗಾಗಿ ಈಗಲೇ ಬ್ಯಾಂಕಿಗೆ ಅವಧಿ ವಿಸ್ತರಿಸಲು ಬರೆದು ಕೊಟ್ಟು, ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಅವಧಿ ಉದ್ದವಾದರೆ ಒಟ್ಟು ಬಡ್ಡಿ ಏರುತ್ತದೆ, ಆದರೆ ಕಂತು ಇಳಿಯುತ್ತದೆ. ನಿಮಗೀಗ ಬೇಕಾದ್ದು ಅದೇ. ನೋಟೀಸು ಬಂದರೆ ಬದಿಗಿಡಬೇಡಿ, ನಿಮ್ಮ ಆಕ್ಷೇಪಕ್ಕೆ ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ.

ಸಂಘದ ಕಂತನ್ನು ತಪ್ಪಿಸಬೇಡಿ. ನೆರೆಹೊರೆಯವರ ಹೊಣೆ ಅದರಲ್ಲಿದೆ.

ಪ್ರಶ್ನೆ: ತೀರಿಹೋದ ಅಪ್ಪನ ಸಹಕಾರಿ ಸಾಲಕ್ಕೆ ಮಕ್ಕಳು ಹೊಣೆಯೇ?
— ಓದುಗ, ಮಂಜೇಶ್ವರ

ಉತ್ತರ: ನೀವು ಜಾಮೀನು ಹಾಕಿಲ್ಲದಿದ್ದರೆ, ಅಪ್ಪನಿಂದ ಬಂದ ಆಸ್ತಿಯ ಮೌಲ್ಯದಷ್ಟಕ್ಕೆ ಮಾತ್ರ. ಅಪ್ಪನ ಸಾಲ ಮಗನ ಧಾರ್ಮಿಕ ಋಣವೆಂಬ ಹಳೆಯ ಹಿಂದೂ ನಿಯಮವನ್ನು, 1976ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆಯೇ ಕೇರಳದಲ್ಲಿ ತೆಗೆದುಹಾಕಿದೆ. ಭೂಮಿ ಅಡವಿದ್ದರೆ ಸಾಲ ಆ ಭೂಮಿಯ ಮೇಲೆ ಉಳಿಯುತ್ತದೆ. 'ಪುದುಕ್ಕಿ (ನವೀಕರಿಸಿ) ಕೊಡುತ್ತೇವೆ' ಎಂದು ನಿಮ್ಮ ಹೆಸರಿನ ಹೊಸ ಪತ್ರಕ್ಕೆ ಸಹಿ ಕೇಳಿದರೆ, ಓದದೆ ಹಾಕಬೇಡಿ: ಅಪ್ಪನ ಸಾಲ ಆ ಸಹಿಯಿಂದ ನಿಮ್ಮದಾಗುತ್ತದೆ. ಸಾಲಕ್ಕೆ ವಿಮೆ ಇತ್ತೇ ಎಂದೂ ಕೇಳಿ. ಇದ್ದು ಕ್ಲೇಮು ಹಾಕದೆ ಬಿಟ್ಟವರು ಇದ್ದಾರೆ.