ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪೋರ್ಟ್ಸ್ ಕಾರು ಕೊಳ್ಳುವ ಲೆಕ್ಕ, ಸಾಕುವ ಲೆಕ್ಕ

ಪ್ರಶ್ನೆ: 2018ರ ಪೋರ್ಷೆ 718 ಕೇಮನ್ ಕಾರೊಂದು 55 ಲಕ್ಷ ರೂಪಾಯಿಗೆ ಸಿಗುತ್ತಿದೆ. 2 ಲೀಟರ್ ಎಂಜಿನ್, ಪಿಡಿಕೆ (ಪೋರ್ಷೆಯ ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್, ದೆಹಲಿ ನೋಂದಣಿ. ಮನೆಯವರ ಓಡಾಟಕ್ಕೆ ಬೇರೆ ಕಾರಿದೆ; ಇದನ್ನು ಭಾನುವಾರಗಳಂದು, ವರ್ಷಕ್ಕೆ ಹೆಚ್ಚೆಂದರೆ 5,000 ಕಿ.ಮೀ. ಓಡಿಸಬೇಕೆಂಬ ಆಸೆ. ಇಷ್ಟು ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಹೊಸ ಬಿಎಂಡಬ್ಲ್ಯು ಎಂ340ಐ ಕೊಂಡರೆ ಅದೇ ಹೆಚ್ಚು ವೇಗವಾಗಿ ಓಡುತ್ತದೆ, ನಾಲ್ಕು ಜನ ಕೂರಬಹುದು ಎಂದು ತಮ್ಮ ವಾದಿಸುತ್ತಾನೆ. ವರ್ಷದ ಖರ್ಚು ಎಷ್ಟು ಬಂದೀತು? ತಮ್ಮನ ಮಾತು ಕೇಳಲೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಅಂಕಿಗಳ ಮಟ್ಟಿಗೆ ನಿಮ್ಮ ತಮ್ಮನ ಮಾತು ಸರಿ. ಎಂ340ಐ ಸುಮಾರು 374 ಅಶ್ವಶಕ್ತಿಯ ಕಾರು, ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 4.4 ಸೆಕೆಂಡ್ ಸಾಕು. ನೀವು ನೋಡಿರುವ ಕೇಮನ್‌ಗೆ 300 ಅಶ್ವಶಕ್ತಿ, 4.9 ಸೆಕೆಂಡ್. ಆದರೆ ಕೇಮನ್ ಅದಕ್ಕಿಂತ ಮುನ್ನೂರೈವತ್ತು ಕಿಲೊದಷ್ಟು ಹಗುರ, ಎಂಜಿನ್ ಚಾಲಕನ ಬೆನ್ನ ಹಿಂದೆ ಎರಡು ಆಕ್ಸಲ್‌ಗಳ ನಡುವೆ ಕೂತಿದೆ. ಈ ವ್ಯತ್ಯಾಸ ನೇರ ರಸ್ತೆಯಲ್ಲಿ ಕಾಣುವುದಿಲ್ಲ. ಚಾರ್ಮಾಡಿಯ ತಿರುವಿಗೆ ಬ್ರೇಕ್ ಒತ್ತಿ, ಸ್ಟೀರಿಂಗ್ ತಿರುಗಿಸಿ, ಮತ್ತೆ ಆಕ್ಸಿಲರೇಟರ್ ಒತ್ತುವ ಆ ಮೂರು ಕ್ಷಣಗಳಲ್ಲಿ ಕಾಣುತ್ತದೆ. ಕೇಮನ್ ಎರಡನೆಯ ಗೇರಿನಲ್ಲೇ 100 ಕಿ.ಮೀ. ದಾಟುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಮಿತಿ ಇರುವುದೇ 100 ಕಿ.ಮೀ., ಮತ್ತು ರಾಜ್ಯದಲ್ಲಿ 130 ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮ 2024ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಆದ್ದರಿಂದ ನಾನು ವೇಗಕ್ಕೆ ಕೊಡುವ ದುಡ್ಡನ್ನು ದಂಡವೆಂದೇ ಎಣಿಸುತ್ತೇನೆ. ಹಗುರತನಕ್ಕೂ ತಿರುವಿನಲ್ಲಿನ ಹದಕ್ಕೂ ಕೊಡುವ ದುಡ್ಡು ಮಾತ್ರ ಪ್ರತಿ ಭಾನುವಾರ ಕೈಗೆ ಸಿಗುತ್ತದೆ. ನಾಲ್ಕು ಸೀಟಿನ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಅಂಗಳದಲ್ಲಿ ಆಗಲೇ ನಿಂತಿದೆ.

ಎತ್ತರದ ವಿಷಯವನ್ನು ಯಾವ ಶೋರೂಮಿನವರೂ ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ಇಲ್ಲಿನ ಗಾಳಿ ಶೇ 9ರಷ್ಟು ತೆಳು. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರ ಹೋದರೆ ಆರರಲ್ಲೊಂದು ಪಾಲು ಹೋಯಿತೆಂದೇ ತಿಳಿಯಬೇಕು. ಇದೇ 718ರ ದುಬಾರಿ ಆವೃತ್ತಿಗಳಲ್ಲಿರುವ, ಟರ್ಬೊ ಇಲ್ಲದ 4 ಲೀಟರ್ ಎಂಜಿನ್ ಇಂಪಾಗಿ ಮೊರೆಯುತ್ತದೆ ನಿಜ, ಆದರೆ 400 ಅಶ್ವಶಕ್ತಿಗೆ ಬೆಲೆ ತೆತ್ತವರು ಬೆಂಗಳೂರಿನಲ್ಲಿ ಓಡಿಸುವುದು 365ರ ಆಸುಪಾಸಿನ ಕಾರನ್ನು. ನೀವು ನೋಡಿರುವ ಟರ್ಬೊ ಎಂಜಿನ್ ಆ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಶಬ್ದ ಮಾತ್ರ ಕಿವಿಗೆ ಹಿತವಲ್ಲ. ಅದನ್ನು ಒಮ್ಮೆ ಕೇಳಿಯೇ ನಿರ್ಧರಿಸಿ.

ಇನ್ನು ಖರ್ಚು. ಬೇರೆಲ್ಲಕ್ಕಿಂತ ಮೊದಲು ದೆಹಲಿ ನೋಂದಣಿಯ ವಿಷಯ ಇತ್ಯರ್ಥವಾಗಬೇಕು. ವೈಯಕ್ತಿಕ ಹೆಸರಿನ ಪೆಟ್ರೋಲ್ ಕಾರಿಗೆ ದೆಹಲಿಯಲ್ಲಿ ಕಟ್ಟಿರುವುದು ಶೇ 10ರ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. ಅಲ್ಲಿ ಪೆಟ್ರೋಲ್ ಕಾರುಗಳನ್ನು ಹದಿನೈದು ವರ್ಷಕ್ಕೆ ರಸ್ತೆಯಿಂದ ಇಳಿಸುವ ಗಡುವು ವಿಧಿಸಿದ್ದ ಕಾರಣಕ್ಕೂ ದೆಹಲಿಯ ಕಾರುಗಳು ಅಗ್ಗವಾಗಿ ಕಾಣುತ್ತವೆ. ಇಲ್ಲಿ ತಂದು ಮರುನೋಂದಣಿ ಮಾಡಿಸುವಾಗ ತೆರಿಗೆ ಲೆಕ್ಕ ಹಾಕುವುದು ನೀವು ಕೊಟ್ಟ 55 ಲಕ್ಷದ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕಷ್ಟು ಇಳಿಸಿ. ಇಷ್ಟು ವರ್ಷದ ಕಾರಿಗೂ ಅದು ಹಲವು ಲಕ್ಷ ಆಗುತ್ತದೆ. ದೆಹಲಿಯಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗವನ್ನು ವಾಪಸು ಕೇಳಲು ಅವಕಾಶವಿದೆಯಾದರೂ ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಹನ್ನೆರಡು ತಿಂಗಳೊಳಗೆ ಮಾಡಿಸಿದರಾಯಿತು ಎಂದು ಮಧ್ಯವರ್ತಿಗಳು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ರಿಯಾಯಿತಿಯ ನೆಪದಲ್ಲಿ ವರ್ಷಗಟ್ಟಲೆ ಓಡಿಸುವವರನ್ನು ಸಾರಿಗೆ ಇಲಾಖೆ ಈಗ ಹುಡುಕಿಕೊಂಡು ಹೋಗುತ್ತಿದೆ. 2025ರ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ದಂಡವೂ ಸೇರಿ ಸುಮಾರು 1.42 ಕೋಟಿ ರೂಪಾಯಿ ವಸೂಲಾದದ್ದು ಪತ್ರಿಕೆಗಳಲ್ಲೇ ಬಂದಿತ್ತು. ಮಾರುವವರಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವವರೆಗೆ ಪೂರ್ತಿ ಹಣ ಕೊಡದಿರುವುದು ಕ್ಷೇಮ.

ವರ್ಷವರ್ಷದ ಖರ್ಚಿಗೆ ಬಂದರೆ, ನನ್ನ ಅಂದಾಜು ಹೀಗಿದೆ. ವಿಮೆಗೆ 1.2 ಲಕ್ಷ, ಸರ್ವಿಸ್ ಮತ್ತು ಚಿಲ್ಲರೆ ಕೆಲಸಗಳಿಗೆ 1.25 ಲಕ್ಷ. ಒಂದೂವರೆ ಲಕ್ಷದ ಒಂದು ಸೆಟ್ ಟೈರು 15,000 ಕಿ.ಮೀ. ಬಾಳುತ್ತದೆಂದು ಹಿಡಿದರೆ ವರ್ಷಕ್ಕೆ 50 ಸಾವಿರ. ಲೀಟರಿಗೆ 8 ಕಿ.ಮೀ.ಯಂತೆ 5,000 ಕಿ.ಮೀ.ಗೆ ಬೇಕಾಗುವ 625 ಲೀಟರ್ ಪೆಟ್ರೋಲಿಗೆ ಸುಮಾರು 65 ಸಾವಿರ. ಎಲ್ಲ ಸೇರಿ 3.6 ಲಕ್ಷ. 55 ಲಕ್ಷವನ್ನು ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಇಟ್ಟಿದ್ದರೆ ಬರುತ್ತಿದ್ದ 3.85 ಲಕ್ಷವನ್ನೂ ಕೂಡಿಸಿದರೆ 7.45 ಲಕ್ಷ, ಅಂದರೆ ಕಿಲೋಮೀಟರಿಗೆ 149 ರೂಪಾಯಿ. ಕಾರಿನ ಬೆಲೆಯಲ್ಲಾಗುವ ಇಳಿಕೆ ಇದರಲ್ಲಿ ಸೇರಿಲ್ಲ. ಪೆಟ್ರೋಲ್ ಬೆಲೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದರೆ ಈ ಲೆಕ್ಕದಲ್ಲಿ ಅದು ಹತ್ತರಲ್ಲೊಂದು ಪಾಲೂ ಇಲ್ಲವೆಂಬುದನ್ನು ಗಮನಿಸಿ. 100 ಆಕ್ಟೇನ್ ಪೆಟ್ರೋಲನ್ನೇ ಹಾಕಿಸಿದರೂ 35 ಸಾವಿರದಷ್ಟು ಹೆಚ್ಚಾದೀತು, ಅಷ್ಟೆ. ಕಂಪನಿ 98 ಆಕ್ಟೇನ್ ಹಾಕಿಸಿ ಎನ್ನುತ್ತದೆ, 95ಕ್ಕಿಂತ ಕಡಿಮೆಯದು ಬೇಡ. ಶೇ 20 ಎಥನಾಲ್ ಬೆರೆಸಿದ ಈಗಿನ ಪೆಟ್ರೋಲಿನಲ್ಲಿ ಮೈಲೇಜು ಇನ್ನೂ ಶೇ 6ರಷ್ಟು ಇಳಿಯುವುದನ್ನು ಎದುರುನೋಡಬಹುದು. ವಾರಗಟ್ಟಲೆ ನಿಲ್ಲುವ ಕಾರಾದ್ದರಿಂದ ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆಂಬುದನ್ನೂ ನೆನಪಿಡಿ.

ಇವೆಲ್ಲ ಗೊತ್ತಿರುವ ಖರ್ಚುಗಳು. ಗೊತ್ತಿಲ್ಲದ ಖರ್ಚಿನ ಸ್ವಭಾವವೇ ಬೇರೆ: ಹಳೆಯ ಸ್ಪೋರ್ಟ್ಸ್ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಏರುತ್ತಲೇ ಇರುತ್ತದೆ. ನೀವು ಕೊಳ್ಳುತ್ತಿರುವುದು 55 ಲಕ್ಷದ ಕಾರಾದರೂ, ರಿಪೇರಿಯ ಬಿಲ್ಲು ಬರುವುದು ಒಂದು ಕೋಟಿಯ ಕಾರಿನದು. ಐದು ವರ್ಷ ದಾಟಿದ ಕಾರುಗಳಿಗೆ ‘ಜೀರೊ ಡೆಪ್ರಿಸಿಯೇಷನ್’ ವಿಮೆ ಕೊಡಲು ಹಲವು ಕಂಪನಿಗಳು ಹಿಂಜರಿಯುತ್ತವೆ. ಅದಿಲ್ಲದಿದ್ದರೆ ಅಪಘಾತವಾದಾಗ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಅರ್ಧ ಬೆಲೆಯನ್ನೂ, ಈ ವಯಸ್ಸಿನ ಕಾರಿನ ಲೋಹದ ಭಾಗಗಳ ಶೇ 40ರಷ್ಟನ್ನೂ ನೀವೇ ಭರಿಸಬೇಕು. ಸ್ಪೋರ್ಟ್ಸ್ ಕಾರಿನ ಮುಂಭಾಗದಲ್ಲಿ ಪ್ಲಾಸ್ಟಿಕ್ ಅಲ್ಲದ್ದು ಎಷ್ಟಿದೆ ಎಂದು ಒಮ್ಮೆ ಬಗ್ಗಿ ನೋಡಿ. ಆದ್ದರಿಂದ ಐದು ಲಕ್ಷ ರೂಪಾಯಿಯನ್ನು ಪ್ರತ್ಯೇಕವಾಗಿ ಎತ್ತಿಡಲು ಸಾಧ್ಯವಾಗದಿದ್ದರೆ ಈ ಕಾರು ಬೇಡ ಎಂದೇ ನನ್ನ ಸಲಹೆ.

ಹಾಗೆ ಬಗ್ಗಿದಾಗ ನೋಡಬೇಕಾದ್ದು ಇನ್ನೂ ಇದೆ. ಕೇಮನ್‌ನ ರೇಡಿಯೇಟರುಗಳು ಮತ್ತು ಎ.ಸಿ. ಕಂಡೆನ್ಸರುಗಳು ಮುಂದಿನ ಬಂಪರಿನ ಎರಡು ಬದಿಯ ಗಾಳಿಕಿಂಡಿಗಳ ಹಿಂದಿವೆ. ಆ ಕಿಂಡಿಗಳಿಗೆ ಬಲೆ ಇಲ್ಲದ್ದರಿಂದ ಒಣಗಿದ ಎಲೆ, ಧೂಳು ಒಳಗೆ ಹೋಗಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಮೆತ್ತಿಕೊಂಡು, ಮಳೆಗಾಲದಲ್ಲಿ ಒದ್ದೆಯಾಗಿಯೇ ಉಳಿದು ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತವೆ. ಟಾರ್ಚ್ ಹಿಡಿದು ನೋಡಿದರೆ ರೆಕ್ಕೆಗಳು ಪುಡಿಪುಡಿಯಾಗಿ ಬಿಳಿಚಿಕೊಂಡಿರುವುದು ಕಾಣುತ್ತದೆ. ಹಿಂದಿನ 265 ಮಿ.ಮೀ. ಅಗಲದ ಟೈರಿನ ಒಳ ಅಂಚಿನ ಮೇಲೆ ಕೈಯಾಡಿಸಿ. ಚಕ್ರ ಸ್ವಲ್ಪ ಒಳಕ್ಕೆ ವಾಲಿರುವುದರಿಂದ ಹೊರಗಿನಿಂದ ಚೆನ್ನಾಗಿ ಕಾಣುವ ಟೈರು ಒಳಗಡೆ ಬೋಳಾಗಿರಬಹುದು. ಮುಂದಿನ ಟೈರು 235ರದು, ಅಳತೆ ಬೇರೆ, ಹೀಗಾಗಿ ಹಿಂದುಮುಂದು ಅದಲುಬದಲು ಮಾಡಿ ಆಯುಷ್ಯ ಹೆಚ್ಚಿಸಿಕೊಳ್ಳುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷ. ಕಡಿಮೆ ಓಡಿದ ಕಾರೆಂದು ಹೇಳಿ, ಕಾರು ಹುಟ್ಟಿದಾಗಿನ ಗಟ್ಟಿಯಾದ ಟೈರಿನಲ್ಲೇ ಮಾರುವವರು ಬಹಳ ಮಂದಿ.

ರಸ್ತೆ ಉಬ್ಬಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಂಥದ್ದನ್ನು ಈ ಕಾರು ನಿಧಾನವಾಗಿ ದಾಟಿಬಿಡುತ್ತದೆ. ಬಡಾವಣೆಯ ಜನ ತಾವೇ ಸಿಮೆಂಟ್ ಕಲಸಿ ಹಾಕಿದ ಕಡಿಮೆ ಅಗಲದ ಉಬ್ಬು ಮಾತ್ರ ಎರಡು ಚಕ್ರಗಳ ನಡುವೆ ಹೊಟ್ಟೆಗೆ ತಾಗುತ್ತದೆ. ಮುಂಗಡ ಕೊಡುವ ಮುಂಚೆ ಮುಖ್ಯರಸ್ತೆಯಿಂದ ನಿಮ್ಮ ಗೇಟಿನವರೆಗೆ, ನೆಲಮಾಳಿಗೆಯ ಇಳಿಜಾರೂ ಸೇರಿದಂತೆ, ಒಮ್ಮೆ ಆ ಕಾರನ್ನೇ ತಂದು ನೋಡುವುದಕ್ಕೆ ಒಪ್ಪದವರಿಂದ ಕೊಳ್ಳಬೇಡಿ.

ಒಟ್ಟಿನಲ್ಲಿ, ಐದು ಲಕ್ಷದ ಕಾಪುನಿಧಿ ಇದ್ದು, ಮರುನೋಂದಣಿಯ ತೆರಿಗೆಯನ್ನು ಬೆಲೆಯಲ್ಲಿ ಚೌಕಾಸಿ ಮಾಡಿ ಇಳಿಸಿಕೊಳ್ಳಲು ಸಾಧ್ಯವಾದರೆ ಕೇಮನ್ ಕೊಳ್ಳಿ. ಪೆಟ್ರೋಲ್ 718ರ ತಯಾರಿಕೆ 2025ರ ಅಕ್ಟೋಬರಿಗೆ ನಿಂತಿರುವುದರಿಂದ ಚೆನ್ನಾಗಿಟ್ಟುಕೊಂಡ ಕಾರಿನ ಬೆಲೆ ಎಂ340ಐನಷ್ಟು ಬೇಗ ಇಳಿಯಲಾರದು ಎಂದು ನನ್ನ ಎಣಿಕೆ.

ಪ್ರಶ್ನೆ: 2017ರ ಫೋರ್ಡ್ ಮಸ್ಟಾಂಗ್ ವಿ8 ಕಾರೊಂದನ್ನು ಪರಿಚಯದವರು ಮಾರುತ್ತಿದ್ದಾರೆ. ಶಕ್ತಿಯ ಲೆಕ್ಕದಲ್ಲಿ ಇಷ್ಟು ಅಗ್ಗಕ್ಕೆ ಬೇರೆ ಕಾರು ಸಿಗದು. ಕೊಳ್ಳಬಹುದೇ?
– ಓದುಗರು, ಮಂಗಳೂರು

ಉತ್ತರ: ಶಕ್ತಿಗೆ ಇಷ್ಟು ಕಡಿಮೆ ಬೆಲೆ ಏಕೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. 2016ರ ಜುಲೈಯಲ್ಲಿ 65 ಲಕ್ಷಕ್ಕೆ ಬಿಡುಗಡೆಯಾದ ಈ ಕಾರಿನ 5 ಲೀಟರ್ ಎಂಜಿನ್ ಅಮೆರಿಕದಲ್ಲಿ 435 ಅಶ್ವಶಕ್ತಿಯದು. ಇಲ್ಲಿಗೆ ಬಂದದ್ದು 400ರ ಆಸುಪಾಸಿನದು. ಟರ್ಬೊ ಇಲ್ಲದ ಎಂಜಿನ್ ಆದ್ದರಿಂದ ಸಮುದ್ರಮಟ್ಟದಲ್ಲಿರುವ ನಿಮ್ಮ ಊರಿನಲ್ಲಿ ಅದರ ಬಲ ಪೂರ್ತಿ ಸಿಗುತ್ತದೆ, ಬೆಂಗಳೂರಿನವರಿಗೆ ಆ ಭಾಗ್ಯವಿಲ್ಲ. ಆದರೆ 1,700 ಕಿಲೊ ದಾಟುವ, 1.9 ಮೀಟರಿಗೂ ಹೆಚ್ಚು ಅಗಲದ ಈ ಕಾರು ಮಂಗಳೂರಿನ ಒಳರಸ್ತೆಗಳಲ್ಲಿ ಎದುರಿಗೊಂದು ಬಸ್ಸು ಬಂದರೆ ಎಲ್ಲಿಗೆ ಸರಿಯಬೇಕು? ನೆಲದಿಂದ ಅದರ ಹೊಟ್ಟೆಗೆ ಇರುವ ಅಂತರ 137 ಮಿ.ಮೀ. ಮಳೆಗಾಲದಲ್ಲಿ ನಿಂತ ನೀರಿಗೆ ಇಳಿದು ಎಂಜಿನ್ ನೀರು ಕುಡಿದರೆ, ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದ ವಿಮೆಯಲ್ಲಿ ಬಿಡಿಗಾಸೂ ಸಿಗುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕಾರಣ, ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಘೋಷಿಸಿದ್ದು. ಸರ್ವಿಸ್ ಸಿಗುತ್ತದೆ, ಫಿಗೊ, ಇಕೊಸ್ಪೋರ್ಟ್‌ಗಳಿಗೆ ಬಿಡಿಭಾಗವೂ ಸಿಗುತ್ತದೆ. ಮಸ್ಟಾಂಗ್ ಇಲ್ಲಿ ತಯಾರಾದದ್ದೇ ಅಲ್ಲ, ಅದರ ಬಾಗಿಲಿನ ಗಾಜಿಗೂ ಹಡಗು ಕಾಯಬೇಕು. ಅಮೆರಿಕದಲ್ಲಿರುವ ನೆಂಟರ ಸೂಟ್‌ಕೇಸಿನಲ್ಲಿ ಸೆನ್ಸರು, ಬ್ರೇಕ್ ಪ್ಯಾಡು ತರಿಸಿಕೊಳ್ಳುವ ಮಸ್ಟಾಂಗ್ ಮಾಲೀಕರಿದ್ದಾರೆ. ಅಷ್ಟು ತಾಳ್ಮೆ, ಅಂಥ ನೆಂಟರು ಇದ್ದರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ: ಎಂಜಿ ಸೈಬರ್‌ಸ್ಟರ್‌ನಂಥ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರಿನಲ್ಲಿ ಈ ತಾಪತ್ರಯಗಳೆಲ್ಲ ತಪ್ಪುತ್ತವೆಯಲ್ಲವೇ?
– ಓದುಗರು, ಮೈಸೂರು

ಉತ್ತರ: ತೆರಿಗೆಯ ತಾಪತ್ರಯ ಬಹುಪಾಲು ತಪ್ಪುತ್ತದೆ. 2025ರ ಸೆಪ್ಟೆಂಬರಿನ ಪರಿಷ್ಕರಣೆಯ ಬಳಿಕ ದೊಡ್ಡ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 40, ಎಲೆಕ್ಟ್ರಿಕ್ ಕಾರಿಗೆ ಶೇ 5. ರಾಜ್ಯದ ಆಜೀವ ತೆರಿಗೆಯೂ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಮಾತ್ರ. 75 ಲಕ್ಷದ ಆಸುಪಾಸಿಗೆ 510 ಅಶ್ವಶಕ್ತಿ, 3.2 ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಸಿಗುತ್ತಿರುವುದರಲ್ಲಿ ಈ ತೆರಿಗೆ ವಿನಾಯಿತಿಯ ಪಾಲೂ ದೊಡ್ಡದು. ಬೆಟ್ಟದ ಮೇಲೂ ಶಕ್ತಿ ಕುಂದುವುದಿಲ್ಲ, ಘಾಟಿ ಇಳಿಯುವಾಗ ಬ್ಯಾಟರಿ ಒಂದಿಷ್ಟು ತುಂಬಿಕೊಳ್ಳುತ್ತದೆ.

ತಪ್ಪದಿರುವುದು ತೂಕ. ಕಾರು ಎರಡು ಟನ್ನಿಗೆ ಹತ್ತಿರ. ಆ ತೂಕವನ್ನು ತಿರುವಿನಲ್ಲಿ ಹಿಡಿದಿಡಬೇಕಾದ್ದು ಟೈರು, ನಿಲ್ಲಿಸಬೇಕಾದ್ದು ಬ್ರೇಕು. ಆಕ್ಸಿಲರೇಟರ್ ಒತ್ತಿದಾಗ ಆಗುವ ಬೆರಗು ದಿನಗಳೆದಂತೆ ರೂಢಿಯಾಗಿಬಿಡುತ್ತದೆ, ತಿರುವಿನಲ್ಲಿ ತೂಕ ಎಳೆಯುವುದು ಮಾತ್ರ ಕಾರು ಇರುವವರೆಗೂ ತಿಳಿಯುತ್ತದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೋ ಒಯ್ಯುವ ಇರಾದೆ ಇದ್ದರೆ ಬ್ಯಾಟರಿ ಬಿಸಿಯಾಗಿ ಶಕ್ತಿ ತಗ್ಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೆಟ್ರೋಲ್ ಆಗಲಿ ಎಲೆಕ್ಟ್ರಿಕ್ ಆಗಲಿ, ಟ್ರ್ಯಾಕಿನಲ್ಲಿ ರೇಸ್ ಅಥವಾ ವೇಗಪರೀಕ್ಷೆಯ ವೇಳೆ ಆದ ಹಾನಿಗೆ ಸಾಮಾನ್ಯ ವಿಮೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗ ಊರಿಗೆ ವಾಪಸಾಗುತ್ತಿದ್ದಾನೆ. ತನ್ನ 2019ರ ಮಾಜ್ದಾ ಮಿಯಾಟಾ ಕಾರನ್ನು ಜೊತೆಗೆ ತರಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಸಾಧ್ಯವಿಲ್ಲ. ಬಳಸಿದ ಕಾರನ್ನು ಆಮದು ಮಾಡಲು ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆಗಿರಬೇಕು. ಈ ಕಾರು ಎರಡರಲ್ಲೂ ಅನುತ್ತೀರ್ಣ. ಒಂದು ಟನ್ನಿನ ಸುತ್ತಮುತ್ತಲಿನ ತೂಕ, ಹದವಾದ ಶಕ್ತಿ, ಸರಳ ರಿಪೇರಿಯ ಇಂಥ ಕಾರೇ ನಮ್ಮ ಘಾಟಿಗಳಿಗೆ ಹೇಳಿಮಾಡಿಸಿದ್ದು, ಆದರೆ ಮಾಜ್ದಾ ಅದನ್ನು ಭಾರತದಲ್ಲಿ ಮಾರುವುದಿಲ್ಲ. ಮಗ ಅಲ್ಲಿಯೇ ಮಾರಿ ಬರಲಿ; ಅಲ್ಲಿ ಅದಕ್ಕೆ ಗಿರಾಕಿಗಳು ಸುಲಭವಾಗಿ ಸಿಗುತ್ತಾರೆ.