ಒಟಿ ಲೈಟು: ಹ್ಯಾಲೊಜೆನ್ ಇಟ್ಟುಕೊಳ್ಳಬೇಕಾ, ಬಿಡಬೇಕಾ?

ಆಪರೇಷನ್ ಥಿಯೇಟರಿನ (ಒಟಿ) ದೀಪಗಳು, ಅಂದರೆ ತಂತಿ ಕಾದು ಉರಿಯುವ ಹಳೆಯ ಹ್ಯಾಲೊಜೆನ್ ಮತ್ತು ಹೊಸ ಎಲ್‌ಇಡಿ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಬರೆದವರು ಬೆಂಗಳೂರಿನ ಆಸ್ಪತ್ರೆಗಳಲ್ಲಿ 22 ವರ್ಷಗಳಿಂದ ಒಟಿ ಉಪಕರಣಗಳನ್ನು ನೋಡಿಕೊಳ್ಳುತ್ತಿರುವ ಬಯೋಮೆಡಿಕಲ್ ಇಂಜಿನಿಯರ್.

ರಾಜಾಜಿನಗರದಲ್ಲಿ 20 ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುತ್ತಿದ್ದೇನೆ. ಹೆಚ್ಚಾಗಿ ಸಿಸೇರಿಯನ್, ಹರ್ನಿಯಾ, ಅಪೆಂಡಿಕ್ಸ್. ಒಟಿಯಲ್ಲಿ 11 ವರ್ಷ ಹಳೆಯ ಹ್ಯಾಲೊಜೆನ್ ಟ್ವಿನ್ ಡೋಮ್ (ಬೋಗುಣಿಯಂಥ ಎರಡು ದೀಪಗಳ ಜೋಡಿ) ಇದೆ. ಕಂಪನಿಯವರು ಬಂದು, ಎಲ್‌ಇಡಿ ಹಾಕಿಸಿದರೆ ಕರೆಂಟ್ ಬಿಲ್ಲಿನಲ್ಲೇ ದುಡ್ಡು ವಾಪಸ್ ಬರುತ್ತದೆ ಎನ್ನುತ್ತಾರೆ. ನಿಜವಾ?

ಡಾಕ್ಟರೇ, ಕರೆಂಟ್ ಬಿಲ್ಲಿನ ಮಾತು ನಂಬಬೇಡಿ. ನಾವೇ ಲೆಕ್ಕ ಹಾಕೋಣ. ನಿಮ್ಮ ಎರಡೂ ಡೋಮ್ ಸೇರಿ 50 ವ್ಯಾಟಿನ 11 ಬಲ್ಬು ಇವೆ ಎಂದುಕೊಳ್ಳಿ. ಅಂದರೆ 550 ವ್ಯಾಟ್. ಎಲ್‌ಇಡಿ ಜೋಡಿ 150 ವ್ಯಾಟ್ ತಿನ್ನುತ್ತದೆ ಎನ್ನೋಣ. ಉಳಿಯುವುದು 400 ವ್ಯಾಟ್. ದಿನಕ್ಕೆ 5 ಗಂಟೆ, ವರ್ಷಕ್ಕೆ 300 ದಿನ ಉರಿಸಿದರೆ 600 ಯೂನಿಟ್ ಆಯಿತು. ಅಷ್ಟು ಶಾಖವನ್ನು ಹೊರಹಾಕುವ ಕೆಲಸ ಎಸಿಗೂ ತಪ್ಪುತ್ತದೆ, ಅಲ್ಲಿ ಇನ್ನೊಂದು 200 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ ವರ್ಷಕ್ಕೆ 8,000 ರೂಪಾಯಿ. ಲಕ್ಷಗಟ್ಟಲೆ ಬೆಲೆಯ ಸೀಲಿಂಗ್ ಲೈಟಿಗೆ ಇದು ಯಾವ ಮೂಲೆಗೆ?

ಹಾಗಂತ ಹ್ಯಾಲೊಜೆನ್ನೇ ಸಾಕು ಎನ್ನುತ್ತಿಲ್ಲ. ಬದಲಾಯಿಸಲು ಬೇರೆ ಕಾರಣಗಳಿವೆ, ಅವು ಗಟ್ಟಿಯಾದವು.

ಮೊದಲನೆಯದು ಬಿಸಿ. ಹ್ಯಾಲೊಜೆನ್ ಬಲ್ಬಿಗೆ ಕೊಟ್ಟ ಕರೆಂಟಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಕಣ್ಣಿಗೆ ಕಾಣುವ ಬೆಳಕಾಗುತ್ತದೆ. ಉಳಿದದ್ದೆಲ್ಲ ಶಾಖ. ಡೋಮಿನೊಳಗಿನ ಫಿಲ್ಟರ್ ಅದರಲ್ಲಿ ಬಹುಪಾಲು ತಡೆಯುತ್ತದೆ, ಪೂರ್ತಿ ಅಲ್ಲ. ಒಟಿ ಲೈಟುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-41. ಅದರ ಪ್ರಕಾರ ಬೆಳಕಿನ ನಡುಭಾಗದಲ್ಲಿ 40,000ದಿಂದ 1,60,000 ಲಕ್ಸ್ (ಬೆಳಕಿನ ಅಳತೆ) ಇರಬೇಕು, ಚದರ ಮೀಟರಿಗೆ ಬೀಳುವ ಶಕ್ತಿ 1000 ವ್ಯಾಟ್ ಮೀರಬಾರದು. ಆ 1000 ವ್ಯಾಟ್ ಎಂದರೆ ಹೆಚ್ಚುಕಡಿಮೆ ನಡುಮಧ್ಯಾಹ್ನದ ಬಿಸಿಲು. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಎರಡು ಡೋಮುಗಳನ್ನೂ ಒಂದೇ ಗಾಯದ ಮೇಲೆ ತಿರುಗಿಸಿದಾಗ ಎರಡರ ಬಿಸಿಯೂ ಕೂಡಿಕೊಳ್ಳುತ್ತದೆ. ಗಂಟೆಗಟ್ಟಲೆ ತೆರೆದಿಟ್ಟ ಗಾಯದಲ್ಲಿ ಅಂಗಾಂಶ ಒಣಗುವುದು ಹೀಗೆ. ಸರ್ಜನ್ನಿನ ನೆತ್ತಿ ಬೆವರುವುದಂತೂ ನಿಮಗೇ ಗೊತ್ತು.

ಎರಡನೆಯದು ಸ್ಪೇರ್, ಅಂದರೆ ಬದಲಿ ಬಲ್ಬು ಸಿಗುವುದು. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ, ಅದನ್ನು ಕೊನೆಯ ಪ್ರಶ್ನೆಯಲ್ಲಿ ವಿವರಿಸುತ್ತೇನೆ.

ಈಗ ನಿಮ್ಮ ಕೆಲಸ. ಒಂದು ಲಕ್ಸ್ ಮೀಟರ್ ತರಿಸಿ. ಡೋಮಿನಿಂದ ಒಂದು ಮೀಟರ್ ಕೆಳಗೆ, ನಡುಭಾಗದಲ್ಲಿ ಅಳೆಯಿರಿ. ಲೈಟಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುವ ಅಂಕಿಗೆ ಹೋಲಿಸಿ. ತುಂಬ ಕಡಿಮೆ ಬಂದರೆ ಗಾಬರಿ ಬೇಡ. ರಿಫ್ಲೆಕ್ಟರ್ ಮೇಲೆ ಧೂಳು ಕೂತಿರಬಹುದು, ಬಲ್ಬುಗಳು ಕಪ್ಪಾಗಿರಬಹುದು. ಸ್ವಚ್ಛ ಮಾಡಿಸಿ, ಎಲ್ಲ ಬಲ್ಬುಗಳನ್ನೂ ಒಟ್ಟಿಗೆ ಬದಲಾಯಿಸಿ ಮತ್ತೆ ಅಳೆಯಿರಿ. ಆಮೇಲೆ ಡೋಮನ್ನು ಹಿಡಿದಿರುವ ತೋಳು ನೋಡಿ. ನಿಲ್ಲಿಸಿದ ಕಡೆ ನಿಲ್ಲುತ್ತದಾ, ಇಲ್ಲ ತಾನಾಗಿ ಕೆಳಗಿಳಿಯುತ್ತದಾ? ಬೆಳಕು ಸರಿಯಿದ್ದು, ತೋಳು ನಿಲ್ಲುತ್ತಿದ್ದರೆ ಇನ್ನೆರಡು ವರ್ಷ ಧೈರ್ಯವಾಗಿ ಬಳಸಿ. ಬಲ್ಬುಗಳನ್ನು ಮಾತ್ರ ಈಗಲೇ ತಂದಿಟ್ಟುಕೊಳ್ಳಿ.

ಉಳಿದ ದುಡ್ಡಿನಲ್ಲಿ ಮೊದಲು ಲೈಟಿಗೊಂದು ಸರಿಯಾದ ಬ್ಯಾಟರಿ ಬ್ಯಾಕಪ್ ಮಾಡಿಸಿ. ಇದನ್ನು ಕಾಲು ಹಿಡಿದಾದರೂ ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಚಿಕ್ಕ ಆಸ್ಪತ್ರೆಯಲ್ಲಿ ರಾತ್ರಿ ಸಿಸೇರಿಯನ್ ನಡೆಯುವಾಗ ಕರೆಂಟ್ ಹೋಯಿತು. ನಾನು ಬೇರೆ ಯಂತ್ರದ ರಿಪೇರಿಗೆಂದು ಹೊರಗೆ ಕೂತಿದ್ದೆ. ಜನರೇಟರ್ ಹತ್ತಿಕೊಳ್ಳಲು ಹತ್ತು ಹನ್ನೆರಡು ಸೆಕೆಂಡ್ ಹಿಡಿಯಿತು. ಅಷ್ಟೂ ಹೊತ್ತು ಒಳಗೆ ಮೊಬೈಲ್ ಟಾರ್ಚ್. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಹೊರಬಂದ ಡಾಕ್ಟರಮ್ಮನ ಕೈ ನಡುಗುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಸ್ಪತ್ರೆಗಳ ವೈರಿಂಗಿಗೆ ಇರುವ ಐಇಸಿ ಮಾನದಂಡದಲ್ಲಿ, ಒಟಿ ಲೈಟಿಗೆ ಅರ್ಧ ಸೆಕೆಂಡಿನೊಳಗೆ ಕರೆಂಟ್ ಮರಳಬೇಕು ಎಂದಿದೆ. ಜನರೇಟರ್ ಒಂದರಿಂದ ಅದು ಆಗದ ಕೆಲಸ. ಲೈಟು ಹ್ಯಾಲೊಜೆನ್ ಆಗಿರಲಿ, ಎಲ್‌ಇಡಿ ಆಗಿರಲಿ, ಬ್ಯಾಟರಿ ಬೇಕೇ ಬೇಕು.

ಯಲಹಂಕದ ಆಸ್ಪತ್ರೆಯಲ್ಲಿ ಒಟಿ ಸಿಸ್ಟರ್ ಆಗಿದ್ದೇನೆ. ನಮ್ಮ ಲೈಟಿನ ಬಲ್ಬು ಎರಡು ತಿಂಗಳಿಗೊಮ್ಮೆ ಹೋಗುತ್ತದೆ. ಪ್ರತಿ ಸಲ ನಮ್ಮನ್ನೇ ಬೈಯುತ್ತಾರೆ. ತಪ್ಪು ನಮ್ಮದಾ?

ಬಹುಶಃ ಅಲ್ಲ, ಸಿಸ್ಟರ್. ಮೂರು ಕಡೆ ಹುಡುಕಬೇಕು.

ಮೊದಲು ವೋಲ್ಟೇಜ್. ಹ್ಯಾಲೊಜೆನ್ ಬಲ್ಬು ಈ ವಿಷಯದಲ್ಲಿ ತುಂಬ ಸೂಕ್ಷ್ಮ. 24 ವೋಲ್ಟಿನ ಬಲ್ಬಿಗೆ 25.2 ವೋಲ್ಟ್ ಹೋದರೆ, ಅಂದರೆ ಬರೀ 5% ಜಾಸ್ತಿಯಾದರೆ, ಅದರ ಆಯಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಸಾವಿರ ಗಂಟೆ ಬರಬೇಕಾದದ್ದು ಐನೂರಕ್ಕೇ ಮುಗಿಯುತ್ತದೆ. ಬೆಸ್ಕಾಂ ಲೈನಿನಲ್ಲಿ ರಾತ್ರಿ ಹೊತ್ತು ವೋಲ್ಟೇಜ್ ಏರಿದರೆ ಲೈಟಿನ ಟ್ರಾನ್ಸ್‌ಫಾರ್ಮರ್ ಅದನ್ನು ಹಾಗೇ ಬಲ್ಬಿಗೆ ದಾಟಿಸುತ್ತದೆ. ಉಲ್ಟಾ ಆದರೂ ಕಷ್ಟವೇ. ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿದು ಹಳದಿಯಾಗುತ್ತದೆ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಹತ್ತಿರ, ಬಲ್ಬು ಉರಿಯುತ್ತಿರುವಾಗಲೇ ಹೋಲ್ಡರಿನಲ್ಲಿ ವೋಲ್ಟೇಜ್ ಅಳೆಯಲು ಹೇಳಿ. ಸುಮ್ನೆ ಗೋಡೆಯ ಪ್ಲಗ್ಗಿನಲ್ಲಿ ಅಳೆದು 230 ಇದೆ ಎಂದರೆ ಸಾಲದು.

ಎರಡನೆಯದು ಬಲ್ಬೇ ತಪ್ಪಿರಬಹುದು. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. 24 ವೋಲ್ಟ್, 150 ವ್ಯಾಟ್, ಎರಡು ಕಡ್ಡಿ ಎಂದು ಅಂಗಡಿಯಲ್ಲಿ ಕೇಳಿದರೆ ಪ್ರೊಜೆಕ್ಟರ್ ಬಲ್ಬು ಕೊಟ್ಟುಬಿಡುತ್ತಾರೆ. ನೋಡಲು ಅವಳಿ ಮಕ್ಕಳ ಹಾಗೆ ಒಂದೇ ತರ. ಆದರೆ ಬೆಳಕು ಜಾಸ್ತಿ ಬರಲಿ ಎಂದು ಫಿಲಮೆಂಟನ್ನು ಹೆಚ್ಚು ಕಾಯಿಸುವಂತೆ ಮಾಡಿದ ಬಲ್ಬು ಅದು. ಅಂಥ ಕೆಲವಕ್ಕೆ ಆಯಸ್ಸು 50 ಗಂಟೆ ಮಾತ್ರ. ಹಾಕಿದ ದಿನ ಬೆಳಕು ಬೆಳ್ಳಗಿರುವುದರಿಂದ ಎಲ್ಲರಿಗೂ ಖುಷಿಯೋ ಖುಷಿ. ಹಳೆಯ ಬಲ್ಬಿನ ಬುಡದಲ್ಲಿ ಕಂಪನಿಯ ಕೋಡ್ ನಂಬರ್ ಇರುತ್ತದೆ. ವ್ಯಾಟ್ ಹೇಳಿ ತರಿಸಬೇಡಿ, ಆ ನಂಬರ್ ಹೇಳಿ ತರಿಸಿ.

ಮೂರನೆಯದು ಕೈ. ಇದೊಂದು ನಿಮ್ಮ ಕಡೆಯದು. ಈ ಬಲ್ಬಿನ ಹೊರಗವಚ ಕ್ವಾರ್ಟ್ಜ್, ಉರಿಯುವಾಗ 250 ಡಿಗ್ರಿಗೂ ಮೇಲೆ ಕಾಯುತ್ತದೆ. ಹಾಗೆ ಕಾದರೇನೇ ಫಿಲಮೆಂಟಿನಿಂದ ಆವಿಯಾದ ಟಂಗ್‌ಸ್ಟನ್ನನ್ನು ಒಳಗಿನ ಹ್ಯಾಲೊಜೆನ್ ಅನಿಲ ಹಿಡಿದು ವಾಪಸ್ ಫಿಲಮೆಂಟಿಗೇ ತಲುಪಿಸುವುದು. ಬೆರಳಿನ ಎಣ್ಣೆ ಅಥವಾ ಬೆವರಿನ ಉಪ್ಪು ಅಂಟಿದ ಜಾಗ ಆ ಬಿಸಿಗೆ ಮಂಜಾಗಿ, ದುರ್ಬಲವಾಗಿ, ಒಮ್ಮೊಮ್ಮೆ ಒಡೆದೂ ಹೋಗುತ್ತದೆ. ಬಲ್ಬಿನ ಪ್ಲಾಸ್ಟಿಕ್ ಚೀಲ ಬಿಚ್ಚದೆಯೇ ಹಿಡಿದು ಹೋಲ್ಡರಿಗೆ ಕೂರಿಸಿ, ಆಮೇಲೆ ಚೀಲ ಎಳೆಯಿರಿ. ಕೈ ತಾಗಿದರೆ ಸ್ಪಿರಿಟ್ ಹಾಕಿದ ಗಾಜ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸ್ವಿಚ್ ಹಾಕಿ.

ಬಲ್ಬು ಹಾಕಿದ ತಾರೀಖನ್ನು ಒಟಿ ರಿಜಿಸ್ಟರಿನಲ್ಲಿ ಬರೆದಿಡಿ. ಮುಂದಿನ ಸಲ ಬೈಯಲು ಬಂದವರಿಗೆ ಅದನ್ನೇ ತೋರಿಸಬಹುದು.

ಅಮ್ಮನಿಗೆ ಮುಂದಿನ ವಾರ ಗಾಲ್ ಬ್ಲ್ಯಾಡರ್ ಆಪರೇಷನ್. ಆಸ್ಪತ್ರೆಯಲ್ಲಿ ಹಳೆಯ ಲೈಟು ಇದೆಯಂತೆ. ಭಯಪಡಬೇಕಾ?

ಬೇಡ. ಹ್ಯಾಲೊಜೆನ್ ಬೆಳಕಿನ ಕೆಳಗೆ ದಶಕಗಳ ಕಾಲ ಕೋಟ್ಯಂತರ ಆಪರೇಷನ್ ಆಗಿವೆ. ಅದೂ ಅಲ್ಲದೆ ಚಿಕ್ಕ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೋಸ್ಕೋಪಿಯಾದರೆ ಡಾಕ್ಟರು ನೋಡುವುದು ಪರದೆಯನ್ನು. ಆಗ ಮೇಲಿನ ಲೈಟನ್ನು ಮಂದ ಮಾಡಿರುತ್ತಾರೆ. ಅಮ್ಮ ಬೇಗ ಹುಷಾರಾಗಲಿ.

ನಾನು ಯುವ ಸರ್ಜನ್. ಹೊಸ ಎಲ್‌ಇಡಿ ಬಂದ ಮೇಲೆ ರಕ್ತ, ಮಾಂಸ ಎಲ್ಲ ಒಂದೇ ಬಣ್ಣ ಕಾಣುತ್ತಿದೆ ಅನಿಸುತ್ತದೆ. ಸೀನಿಯರುಗಳು ಹ್ಯಾಲೊಜೆನ್ನೇ ಚೆನ್ನಾಗಿತ್ತು ಎನ್ನುತ್ತಾರೆ. ಇದು ಬರೀ ಅಭ್ಯಾಸವಾ?

ಅಭ್ಯಾಸವೂ ಇದೆ, ಸತ್ಯವೂ ಇದೆ. ಹ್ಯಾಲೊಜೆನ್ ಎಂದರೆ ಕಾದ ತಂತಿ. ಅದರ ಬೆಳಕಿನಲ್ಲಿ ಎಲ್ಲ ಬಣ್ಣವೂ ಬಿಟ್ಟೂಬಿಡದೆ ಇರುತ್ತದೆ, ಕೆಂಪಂತೂ ಧಾರಾಳ. ಬಿಳಿ ಎಲ್‌ಇಡಿ ಹಾಗಲ್ಲ. ಒಳಗಿರುವುದು ನೀಲಿ ಬೆಳಕಿನ ಚಿಪ್, ಮೇಲೆ ಬಳಿದ ಫಾಸ್ಫರ್ ಆ ನೀಲಿಯನ್ನು ಬಿಳಿ ಮಾಡುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪು ಕಡಿಮೆ. ನೀವು ದಿನವಿಡೀ ನೋಡುವುದೇ ಕೆಂಪಿನ ಹತ್ತಾರು ಛಾಯೆಗಳನ್ನು, ಅಲ್ವಾ?

ಕಂಪನಿಯವರು ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕಿ) 95 ಎಂದು ಹೇಳಿದರೆ ಅಲ್ಲಿಗೇ ಬಿಡಬೇಡಿ. ಆ ಅಂಕಿಯನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ. ಕಡುಗೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ಬೇರೆ ಅಂಕಿಯಿದೆ, ಆರ್ 9 ಎನ್ನುತ್ತಾರೆ. ಅದನ್ನು ಬರವಣಿಗೆಯಲ್ಲಿ ಕೇಳಿ. 90ಕ್ಕಿಂತ ಮೇಲಿದ್ದರೆ ಒಳ್ಳೆಯ ಲೈಟು. ಹೇಳಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕ ಹಾಗೇ.

ನಾನು ಡೆಮೊ ಮಾಡಿಸುವ ಬಗೆ ಹೀಗೆ. ಮಟನ್ ಅಂಗಡಿಯಿಂದ ಒಂದು ತುಂಡು ಲಿವರ್, ಸ್ವಲ್ಪ ಕೊಬ್ಬಿರುವ ಮಾಂಸ ತರಿಸಿ ಆಳದ ಪಾತ್ರೆಯಲ್ಲಿಟ್ಟು, ಕಂಪನಿಯ ಶೋರೂಮಿನಲ್ಲಿ ಲೈಟಿನ ಕೆಳಗೆ ಇಡುತ್ತೇವೆ. ಒಟಿಯೊಳಗೆ ಇದನ್ನು ಖಂಡಿತ ಮಾಡಬಾರದು. ಸರ್ಜನ್ ತಲೆಯನ್ನು ಡೋಮಿಗೂ ಪಾತ್ರೆಗೂ ನಡುವೆ ತಂದು ಬಗ್ಗಿ ನೋಡಬೇಕು. ತಲೆ ಅಡ್ಡ ಬಂದಾಗಲೂ ತಳ ಕಾಣುತ್ತದಾ? ನಾಳ ಯಾವುದು, ಕೊಬ್ಬು ಯಾವುದು ಗೊತ್ತಾಗುತ್ತದಾ? 1,60,000 ಲಕ್ಸ್ ಎಂಬ ಜಾಹೀರಾತಿಗಿಂತ ಈ ಪಾತ್ರೆ ಜಾಸ್ತಿ ಹೇಳುತ್ತದೆ. ಬೆಳಕು ಅತಿಯಾದರೂ ಒದ್ದೆ ಅಂಗಾಂಶದ ಮೇಲೆ ಹೊಳೆದು ಕಣ್ಣು ಕುಕ್ಕುತ್ತದೆ.

ನಿಮ್ಮ ಲೈಟಿನಲ್ಲಿ ಬಣ್ಣ ಬದಲಿಸುವ ಬಟನ್ ಇದ್ದರೆ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರ ಇಟ್ಟು ಒಂದು ವಾರ ಕೆಲಸ ಮಾಡಿ ನೋಡಿ. ಫಿಲ್ಟರ್ ಹಾಕಿದ ಹ್ಯಾಲೊಜೆನ್ನಿನ ಛಾಯೆಗೆ ಅದು ಹತ್ತಿರ.

ಪೀಣ್ಯದಲ್ಲಿ ಚಿಕ್ಕ ವರ್ಕ್‌ಶಾಪ್ ಇದೆ. ದೊಡ್ಡ ಆಸ್ಪತ್ರೆಗಳು ಬಿಡುವ ಹ್ಯಾಲೊಜೆನ್ ಒಟಿ ಲೈಟುಗಳನ್ನು ಕೊಂಡು, ಎಲ್‌ಇಡಿ ಬಲ್ಬು ಹಾಕಿ ಜಿಲ್ಲೆಗಳ ಆಸ್ಪತ್ರೆಗಳಿಗೆ ಮಾರುವ ಯೋಚನೆ. ಈ ಮಾರುಕಟ್ಟೆ ಎಷ್ಟು ದಿನ ಇರುತ್ತದೆ?

ಮಾರುಕಟ್ಟೆ ಇದೆ, ಆದರೆ ಅದರ ಮುಖ ಬದಲಾಗಿದೆ. ಹೊಸ ಒಟಿ ಕಟ್ಟುವವರು ಈಗ ಹ್ಯಾಲೊಜೆನ್ ಕೇಳುವುದೇ ಅಪರೂಪ. ನಾನು ಕಂಡಂತೆ ಉಳಿದಿರುವ ವ್ಯಾಪಾರ ಮೂರು: ಈಗಾಗಲೇ ಇರುವ ಲೈಟುಗಳ ಬಲ್ಬು ಮತ್ತು ರಿಪೇರಿ, ಸೆಕೆಂಡ್ ಹ್ಯಾಂಡ್, ಮತ್ತೆ ಗಾಯಕ್ಕೆ ಹೊಲಿಗೆ, ಡ್ರೆಸ್ಸಿಂಗ್ ಮಾಡುವ ಕೋಣೆಗಳಿಗೆ ಬೇಕಾಗುವ ಅಗ್ಗದ ಸ್ಟ್ಯಾಂಡ್ ಲೈಟು.

ಬಲ್ಬಿನ ಕಡೆ ನೋಡಿ. ಯುರೋಪಿನಲ್ಲಿ 2018ರ ಸೆಪ್ಟೆಂಬರಿನಿಂದ ಮನೆಬಳಕೆಯ ಹೆಚ್ಚಿನ ಹ್ಯಾಲೊಜೆನ್ ಬಲ್ಬುಗಳು ಹೊಸದಾಗಿ ಮಾರುಕಟ್ಟೆಗೆ ಬರುವುದು ನಿಂತಿತು. 2023ರ ಸೆಪ್ಟೆಂಬರಿನಿಂದ ಎರಡು ಕಡ್ಡಿಯ ಚಿಕ್ಕ ಬಲ್ಬುಗಳದ್ದೂ ನಿಂತಿತು. ವೈದ್ಯಕೀಯ ಬಲ್ಬುಗಳಿಗೆ ವಿನಾಯಿತಿ ಇದೆ. ಆದರೆ ಮನೆ, ಅಂಗಡಿ, ಪ್ರೊಜೆಕ್ಟರ್ ಎಲ್ಲ ಕೈಬಿಟ್ಟ ಮೇಲೆ ಬರೀ ಆಸ್ಪತ್ರೆಗಾಗಿ ಕಾರ್ಖಾನೆ ಎಷ್ಟು ದಿನ ನಡೆದೀತು? ಕೆ.ಆರ್. ಮಾರ್ಕೆಟ್ ಸುತ್ತ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಹತ್ತಿತು. ಅದೇ ಸುತ್ತಿನ ಎಸ್‌ಜೆಪಿ ರಸ್ತೆ, ಎಸ್‌ಪಿ ರಸ್ತೆಯಲ್ಲಿ ನಾನು ವರ್ಷಗಟ್ಟಲೆ ಬಲ್ಬು ಹುಡುಕಿದ್ದೇನೆ. ಮುಂಚೆ ಐದು ನಿಮಿಷದಲ್ಲಿ ಸಿಗುತ್ತಿದ್ದ ನಂಬರಿಗೆ ಈಗ ಆರ್ಡರ್ ಕೊಟ್ಟು ಕಾಯಬೇಕು.

ಎಲ್‌ಇಡಿ ಬಲ್ಬು ತುರುಕಿ ಮಾರುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಆ ರಿಫ್ಲೆಕ್ಟರನ್ನು ಮಾಡಿರುವುದು ಒಂದು ಚಿಕ್ಕ ಫಿಲಮೆಂಟು ಒಂದೇ ಬಿಂದುವಿನಲ್ಲಿ ಉರಿಯುತ್ತದೆ ಎಂಬ ಲೆಕ್ಕದಲ್ಲಿ. ಬೆಳಕಿನ ಮೂಲ ಕೆಲವು ಮಿಲಿಮೀಟರ್ ಸರಿದರೂ ಫೋಕಸ್ ಒಡೆಯುತ್ತದೆ. ನೆರಳು ಬರುತ್ತದೆ, ಆಳಕ್ಕೆ ಬೆಳಕು ಇಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಝಗಮಗ, ಹೊಟ್ಟೆಯೊಳಗೆ ಕತ್ತಲೆ. ಎಲ್ಲೋ ಸಿಂಧನೂರಿನಲ್ಲೋ ಹೊಸದುರ್ಗದಲ್ಲೋ ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ಹುಡುಕುತ್ತಿರುವ ಡಾಕ್ಟರಿಗೆ ಅಂಥ ಲೈಟು ಕೊಡಬೇಡಿ.

ಕಾನೂನೂ ಇದೆ. ಒಟಿ ಲೈಟು ಮಾಮೂಲಿ ದೀಪ ಅಲ್ಲ, ವೈದ್ಯಕೀಯ ಸಾಧನ. 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತದೆ. ಮಾರುವವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಎಂಡಿ-42 ನೋಂದಣಿ ಪಡೆಯಬೇಕು. ಒಳಗಿನ ಬಲ್ಬಿನ ಜಾತಿಯನ್ನೇ ಬದಲಾಯಿಸಿದರೆ ಮೂಲ ಕಂಪನಿಯ ಯಾವ ಪ್ರಮಾಣಪತ್ರವೂ ನಿಮ್ಮ ಬೆನ್ನಿಗಿರುವುದಿಲ್ಲ.

ನಿಮಗೆ ಕೈಕೆಲಸ ಗೊತ್ತಿದೆ. ಅದನ್ನು ರಿಪೇರಿಗೆ ಹಾಕಿ. ಇಳಿಯುವ ತೋಳಿನ ಸ್ಪ್ರಿಂಗ್ ಬಿಗಿ ಮಾಡುವವರು, ಕರಟಿದ ಹೋಲ್ಡರ್ ಬದಲಿಸುವವರು, ಬಲ್ಬಿನ ಬುಡದಲ್ಲಿ ವೋಲ್ಟೇಜ್ ಅಳೆದು ಸರಿಮಾಡುವವರು ಜಿಲ್ಲೆಗಳಲ್ಲಿ ಸಿಗುತ್ತಿಲ್ಲ. ಎಲ್‌ಇಡಿ ಬಂದ ಕಡೆಯೂ ನಿಮಗೆ ಕೆಲಸವಿದೆ. 40,000 ಗಂಟೆ ಆಯಸ್ಸು ಎಂದು ಹೇಳಿ ಮಾರುತ್ತಾರೆ. ವರ್ಷಕ್ಕೆ 1500 ಗಂಟೆ ಉರಿಸಿದರೆ ಅದು 26 ವರ್ಷಕ್ಕೂ ಜಾಸ್ತಿ. ಅಷ್ಟರೊಳಗೆ ಚಿಪ್‌ಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡು ಎಷ್ಟು ಸಲ ಕೆಟ್ಟಿರುತ್ತದೋ! ಆ ಬೋರ್ಡು ರಿಪೇರಿ ಮಾಡುವುದನ್ನು ಈಗಿನಿಂದಲೇ ಕಲಿಯಿರಿ. ಹ್ಯಾಲೊಜೆನ್ ಇಟ್ಟುಕೊಂಡಿರುವ ಆಸ್ಪತ್ರೆಗಳ ಒಂದು ಪಟ್ಟಿ ಮಾಡಿ, ಯಾರ ಲೈಟಿಗೆ ಯಾವ ನಂಬರಿನ ಬಲ್ಬು ಎಂದು ಬರೆದಿಟ್ಟುಕೊಳ್ಳಿ. ಮೊದಲ ಫೋನ್ ಬರಲು ಜಾಸ್ತಿ ದಿನ ಬೇಕಾಗುವುದಿಲ್ಲ.