ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹಾರಾಟ ಎಷ್ಟು ಹೊತ್ತು?

ನೇರ ವಿಮಾನದ ವೇಳಾಪಟ್ಟಿಯಲ್ಲಿ ಹೋಗುವಾಗ ಎರಡೂವರೆ ಗಂಟೆ, ಬರುವಾಗ ಮೂವತ್ತೊಂದು ಗಂಟೆಗೂ ಹೆಚ್ಚು ಕಾಣುತ್ತದೆ, ಇದರಲ್ಲಿ ಯಾವುದು ನಿಜ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಎರಡು ನಿಲ್ದಾಣಗಳ ನಡುವಿನ ಕನಿಷ್ಠ ದೂರ ಸುಮಾರು 14,000 ಕಿ.ಮೀ.; ಹಾರಾಟಕ್ಕೆ ಹಿಡಿಯುವುದು ಹದಿನಾರರಿಂದ ಹದಿನೆಂಟು ಗಂಟೆ.

ದೂರವನ್ನು ಗೋಡೆಯ ಭೂಪಟದಲ್ಲಿ ಅಳೆಯಬೇಡಿ. ಮಕ್ಕಳ ಗ್ಲೋಬ್ ಒಂದನ್ನು ತೆಗೆದುಕೊಂಡು, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ಪೆಸಿಫಿಕ್ ಸಾಗರದ ನಡುವೆ ಹಾಯದೆ ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟಿ ಅಲಾಸ್ಕಾದ ಮೇಲಿಂದ ಇಳಿಯುವುದು ಕಾಣುತ್ತದೆ. ವಿಮಾನ ಈ ದಾರದ ಗೆರೆಯಲ್ಲೇ ಹಾರುತ್ತದೆ ಎಂದೇನೂ ಅಲ್ಲ. ಗಾಳಿ ಎತ್ತ ಬೀಸುತ್ತಿದೆ, ಯಾವ ದೇಶದ ವಾಯುಪ್ರದೇಶ ತೆರೆದಿದೆ ಎಂಬುದನ್ನು ನೋಡಿಕೊಂಡು ಆಯಾ ದಿನದ ಮಾರ್ಗವನ್ನು ಗೊತ್ತುಮಾಡುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ತಂದಾಗ ಉತ್ತರ ಧ್ರುವದ ಮೇಲೆಯೇ ಹಾದು ಬಂದಿದ್ದರು.

ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಏರುವಾಗ, ಇಳಿಯುವಾಗ ವೇಗ ಕಡಿಮೆಯಿರುವುದರಿಂದಲೂ ಮಾರ್ಗ ಬಳಸಾಗುವುದರಿಂದಲೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಎತ್ತರದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಕಾರಣ, ಪೆಸಿಫಿಕ್ ಕಡೆಯಿಂದ ಹೋಗುವಾಗ ಅದು ಬೆನ್ನಿಗಿರುತ್ತದೆ, ಅದೇ ಹಾದಿಯಲ್ಲಿ ಮರಳುವಾಗ ಎದುರಾಗುತ್ತದೆ.

ಇನ್ನು ಟಿಕೆಟ್ಟಿನ ಲೆಕ್ಕ. ಅದರಲ್ಲಿ ಹೊರಡುವ ಮತ್ತು ತಲುಪುವ ಸಮಯಗಳನ್ನು ಆಯಾ ಊರಿನ ಗಡಿಯಾರದಂತೆ ಬರೆದಿರುತ್ತಾರೆ. ಚಳಿಗಾಲದಲ್ಲಿ ನಾವು ಕ್ಯಾಲಿಫೋರ್ನಿಯಾಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತೇವೆ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ 2.30ಕ್ಕೆ ಇಲ್ಲಿ ಹೊರಟು ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿದರೆ, ಕಾಣುವ ಎರಡೂವರೆಗೆ ಹದಿಮೂರೂವರೆ ಕೂಡಿಸಿ: ಹದಿನಾರು ಗಂಟೆ. ಶನಿವಾರ ರಾತ್ರಿ 8.30ಕ್ಕೆ ಅಲ್ಲಿ ಹೊರಟು ಸೋಮವಾರ ನಸುಕಿನ 3.45ಕ್ಕೆ ಇಲ್ಲಿ ಇಳಿದರೆ, ಕಾಣುವ ಮೂವತ್ತೊಂದೂಕಾಲರಿಂದ ಹದಿಮೂರೂವರೆ ಕಳೆಯಿರಿ: ಹದಿನೇಳೂಮುಕ್ಕಾಲು.

ಕರೆತರಲು ಹೋಗುವವರು ತಲುಪುವ ತಾರೀಖನ್ನು ಎರಡು ಸಲ ನೋಡಿಕೊಳ್ಳಬೇಕು. ಒಂದು ಜನವರಿಯಲ್ಲಿ, ಶನಿವಾರ ರಾತ್ರಿ ಹೊರಟವಳು ಭಾನುವಾರ ನಸುಕಿಗೆ ಬಂದಾಳೆಂದು ತಿಳಿದು ನಾನು ದೇವನಹಳ್ಳಿಗೆ ಹೋಗಿ ಕಾದು, ಕೊನೆಗೆ ಅಣ್ಣನ ಮಗಳಿಗೆ ಫೋನ್ ಮಾಡಿದೆ. ಅಲ್ಲಿ ಆಗ ಶನಿವಾರ ಮಧ್ಯಾಹ್ನ ಎರಡೂಕಾಲು. ಅವಳಿನ್ನೂ ಮನೆಯಲ್ಲಿ ಸೂಟ್‌ಕೇಸ್ ತೂಕ ನೋಡುತ್ತಿದ್ದಳು.